ಸಂಜು ಕುಂದರಬ್ಯಾಡ

ಕಪ್ಪತ ವಸತಿಗೃಹ, ಗದಗ ಸೀಮೆ
ಫೆಬ್ರುವರಿ ೩೦, ೨೧೯೪

ಮುರಿದ ಮಂಚಗಳಿಂದ ಬೆಂಚು ಮಾಡಲು ಹೊರಟಿರುವ ಪೂಜ್ಯ ಪೂರ್ವಿಕರಿಗೆ, ಅದೇ ವಸತಿಗೃಹದ ಹನ್ನೊಂದನೆಯ ಕೋಣೆಯ ನೀಲವ್ವ ಹೊಂಬಳ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು ಮಾಡಿಲ್ಲ. ನೆಲ ಸುಡುತ್ತಿದೆ.

ಮೊದಲು ತಾರೀಖಿನ ವಿಚಾರ ಮುಗಿಸಿಬಿಡೋಣ. ನೀವು ಮೇಲೆ ನೋಡಿ ನಕ್ಕಿದ್ದೀರಿ, ಗೊತ್ತು. ಫೆಬ್ರುವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದರೆ ಮೇ ತಿಂಗಳಿನಿಂದ. ನಮ್ಮ ಕಡೆಯ ಮೇ ಯಾವ ಸ್ಥಿತಿಗೆ ಬಂದಿತ್ತೆಂದರೆ, ಅದರಲ್ಲಿ ಒಂದು ದಿನ ಕಡಿಮೆಯಾದರೂ ಪುಣ್ಯ ಎಂದು ಜನ ಅರ್ಜಿ ಕೊಟ್ಟರು. ಸರಕಾರ ಉದಾರ ಮನಸ್ಸಿನಿಂದ ಎರಡು ದಿನ ಕಿತ್ತು ಫೆಬ್ರುವರಿಯ ಬಾಲಕ್ಕೆ ಕಟ್ಟಿತು. ಬಿಸಿಲು ಇದ್ದಷ್ಟೇ ಇದೆ. ಆದರೆ ಮೇ ಬೇಗ ಮುಗಿಯುತ್ತದೆಂಬ ಸಮಾಧಾನಕ್ಕೆ ಬೆಲೆ ಕಟ್ಟಲಾಗದು.

ನಡುನಡುವೆ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಪರೀಕ್ಷೆಗೆ ಓದಿದವಳು, ಅದರಲ್ಲಿ ಪಾಸಾದದ್ದು ಅದೃಷ್ಟದಿಂದ. ಈ ಕಾಗದ ನಿಮಗೆ ಮುಟ್ಟಿರುವುದು ಹಿಂದಂಚೆಯಲ್ಲಿ. ಹಿಂದಂಚೆಯೆಂದರೆ ಬರೆಯುವ ಮೊದಲೇ ಮುಟ್ಟುವ ಅಂಚೆ. ಓದು ಮುಗಿಯುವುದರೊಳಗೆ ಪ್ರತಿ ವಿದ್ಯಾರ್ಥಿಗೂ ಇಂಥ ಒಂದೇ ಒಂದು ಕಾಗದ ಬರೆಯಲು ಅವಕಾಶವಿದೆ. ಚುನಾವಣೆ, ಕ್ರಿಕೆಟ್ಟು, ಬಂಗಾರದ ದರ ಇವನ್ನು ಎತ್ತುವಂತಿಲ್ಲ. ಬಹಳಷ್ಟು ಜನ ತಮ್ಮ ಮುತ್ತಜ್ಜಿಗೆ ಬರೆದು, ಆ ವರನನ್ನು ಒಪ್ಪಬೇಡ ಎಂದು ಬುದ್ಧಿ ಹೇಳಿ, ಆಮೇಲೆ ತಾವೇ ಹುಟ್ಟದೆ ಹೋದರೆ ಏನು ಗತಿ ಎಂದು ಹೆದರಿ ಕಾಗದ ಹರಿದು ಹಾಕುತ್ತಾರೆ. ನಾನು ನನ್ನ ಪಾಲಿನ ಒಂದು ಕಾಗದವನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ನನ್ನ ಮುತ್ತಜ್ಜಿಗೂ ಇಲ್ಲದ ಗೌರವ ಇದು, ನೆನಪಿರಲಿ.

ನಮ್ಮ ದಿನ ಹೇಗೆ ಕಳೆಯುತ್ತದೆಂಬ ಕುತೂಹಲ ನಿಮಗಿರಬಹುದು. ಇಲ್ಲದಿದ್ದರೂ ಹೇಳುತ್ತೇನೆ, ಅದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಬೆಳಗಿನ ಪಾಠಗಳು ಹತ್ತರೊಳಗೆ ಮುಗಿಯುತ್ತವೆ. ಅಲ್ಲಿಂದ ಬಿಸಿಲು ಇಳಿಯುವವರೆಗಿನ ಹೊತ್ತಿಗೆ ನೆರಳುವೇಳೆ ಎಂದು ಹೆಸರು. ಆಗ ಯಾರೂ ಹೊರಗೆ ಕಾಲಿಡುವಂತಿಲ್ಲ. ಇಡೀ ವಸತಿಗೃಹಕ್ಕೆ ತಂಪು ಇರುವುದು ಒಂದೇ ಜಾಗದಲ್ಲಿ, ಅದು ನಿಮ್ಮ ಹಿಂದಿನ ಪಡಸಾಲೆ. ಅದರ ನೆಲದಡಿಯ ಕೊಳವೆಗಳಲ್ಲಿ ಬಾವಿಯ ನೀರು ಸುತ್ತುತ್ತಿರುತ್ತದೆ. ಹೀಗಾಗಿ ಓದುವುದು, ತಲೆ ಬಾಚುವುದು, ಗಿರ್ಮಿಟ್ಟು ತಿನ್ನುವುದು, ಜಗಳ ಹೂಡುವುದು, ಅದೇ ಜಗಳ ಬಗೆಹರಿಸುವುದು ಎಲ್ಲವೂ ಅಲ್ಲಿಯೇ. ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಹಾಕಲು ಅಲ್ಲಿ ಜಾಗವೂ ಇಲ್ಲ, ಅನುಮತಿಯೂ ಇಲ್ಲ. ಇರುವುದು ಬರೀ ಬೆಂಚುಗಳು. ಅವೆಲ್ಲ ನಿಮ್ಮ ಬೆಂಚಿನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಮತ್ತು ಎಲ್ಲವೂ ಸೊಟ್ಟ.

ಹೌದು, ಸೊಟ್ಟ. ನೀವು ಮಾಡಿದ ಬೆಂಚನ್ನು ನಾವು ಮೂಲಬೆಂಚು ಎನ್ನುತ್ತೇವೆ. ಅದರ ಬಲಗಡೆಯ ಎರಡು ಕಾಲು ಎಡಗಡೆಯವಕ್ಕಿಂತ ಮೂರು ಬೆರಳು ಕುಳ್ಳ. ಆದ್ದರಿಂದ ಅದನ್ನು ನೋಡಿ ಮಾಡಿದ ಪ್ರತಿ ಬೆಂಚಿನ ಬಲಗಾಲುಗಳೂ ಮೂರು ಬೆರಳು ಕುಳ್ಳ. ಹತ್ತಿಕಟ್ಟಿಗೆಯನ್ನು ಅರೆದು ಒತ್ತಿದ ಹಲಗೆಯಲ್ಲಿ ಅವನ್ನು ಮಾಡುತ್ತೇವೆ, ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕುತ್ತೇವೆ. ಎಣ್ಣೆ ಕುಡಿದ ಸೊಟ್ಟ ಬೆಂಚಿನ ಮೇಲೆ ಐದು ಜನ ಕೂತರೆ ಏನಾಗಬೇಕೋ ಅದೇ ಆಗುತ್ತದೆ. ಎಲ್ಲರೂ ಜಾರಿ ಬಲತುದಿಗೆ ಬಂದು ಗುಡ್ಡೆ ಬೀಳುತ್ತಾರೆ. ಆ ತುದಿಯಲ್ಲಿ ಕೂತು ಉಳಿದವರ ಭಾರ ತಡೆಯುವವರಿಗೆ ಗೋಡೆ ಎಂದು ಹೆಸರು. ಹೊಸದಾಗಿ ಬಂದವರನ್ನು ಮೊದಲ ದಿನ ಗೋಡೆಯಾಗಿಯೇ ಕೂರಿಸುವುದು ಇಲ್ಲಿನ ರೂಢಿ. ನಾನು ಗೋಡೆಯಾದ ದಿನ ಒಬ್ಬಳು ಪುಸ್ತಕದ ಸಮೇತ ಜಾರಿ ಬಂದು ನನ್ನ ಪಕ್ಕೆಗೆ ಗುದ್ದಿ, "ಯವ್ವಾ, ಈ ಗ್ವಾಡಿಗೆ ಎಲುಬು ಭಾಳ ಅದಾವ" ಎಂದಳು. ಅವಳು ರೋಷನಬಿ. ಅವಳ ಹಿಂದೆ ಸದ್ದಿಲ್ಲದೆ ಜಾರಿ ಬಂದವಳು ಕಳಕವ್ವ. ಅವಳು ಏನೂ ಅನ್ನಲಿಲ್ಲ. ಕಳಕವ್ವ ಆಗ ಯಾರೊಂದಿಗೂ ಏನೂ ಅನ್ನುತ್ತಿರಲಿಲ್ಲ. ನಾವು ಮೂವರೂ ಈಗ ಒಂದೇ ಕೋಣೆಯವರು.

ಮೂಲಬೆಂಚಿಗೆ ಇನ್ನೊಂದು ವೈಶಿಷ್ಟ್ಯವಿದೆ. ಅದರ ಹಲಗೆಯ ಅಡಿಯಲ್ಲಿ ನೀವು ಮೊಳೆಯಿಂದ ಕೆತ್ತಿದ್ದೀರಿ: ಸಂಜು ಕುಂದರಬ್ಯಾಡ.

ಮಹನೀಯರೇ, ಸಂಜು ಯಾರು? ಗಂಡೋ ಹೆಣ್ಣೋ? ಬಣ್ಣ ಹಸಿಯಿತ್ತೇ? ಸಂಜು ದಪ್ಪವಿದ್ದು ಹಲಗೆಯ ಮೇಲೆ ನಿಮಗೆ ನಂಬಿಕೆ ಇರಲಿಲ್ಲವೇ? ಉಳಿದವರು ಗರಗಸ ಎಳೆಯುವಾಗ ಸಂಜು ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಂತಿದ್ದಕ್ಕೆ ಕೊಟ್ಟ ಶಿಕ್ಷೆಯೇ? ಇದರ ಮೇಲೆ ನಮ್ಮಲ್ಲಿ ವಾದಗಳು ನಡೆದಿವೆ, ಪಂಗಡಗಳು ಹುಟ್ಟಿವೆ, ಒಂದು ಮದುವೆ ಮುರಿದಿದೆ. ಯಾವುದೂ ಗೊತ್ತಿಲ್ಲದ ಕಾರಣ ನಮ್ಮ ಹಿರಿಯರು ಅತ್ಯಂತ ಸುರಕ್ಷಿತವಾದ ದಾರಿ ಹಿಡಿದರು. ಪ್ರತಿ ಹೊಸ ಬೆಂಚಿನ ಅಡಿಯಲ್ಲೂ ಆ ಎರಡು ಮಾತನ್ನು ಕೆತ್ತಿದರು, ಮತ್ತು ಸಂಜು ಎಂದು ಕರೆಸಿಕೊಳ್ಳುವ ಯಾರನ್ನೂ ಬೆಂಚಿನ ಮೇಲೆ ಕೂರಿಸಲಿಲ್ಲ. ಸಂಜನಾ, ಸಂಜೋತಾ, ಸಂಜಯ, ಯಾರೇ ಬರಲಿ, ಅವರಿಗೆ ಜಮಖಾನ. ತಿಳಿದ ತಂದೆತಾಯಿಗಳು ಮಕ್ಕಳನ್ನು ಇಲ್ಲಿ ಓದಿಸುವ ಮನಸ್ಸಿದ್ದರೆ ಆ ಹೆಸರೇ ಇಡುವುದಿಲ್ಲ.

ತಿಳಿಯದವರಲ್ಲಿ ಒಬ್ಬರು ನಮ್ಮ ಒಪ್ಪುಗಾರರ ತಾಯಿ. ಒಪ್ಪುಗಾರರೆಂದರೆ ನೀವು ವಾರ್ಡನ್ ಎನ್ನುತ್ತಿದ್ದವರು. ಈಗ ಅವರಿಗೆ ಬೈಯುವ ಕೆಲಸ ಕಡಿಮೆ, ಒಪ್ಪುವ ಅಥವಾ ಒಪ್ಪದಿರುವ ಕೆಲಸ ಹೆಚ್ಚು. ನಮ್ಮವರ ಹೆಸರು ಸಂಜೀವಪ್ಪ ಸರ್. ಅವರೂ ಇಲ್ಲಿಯೇ ಓದಿದವರು, ಮನೆಯಲ್ಲಿ ಅವರನ್ನು ಸಂಜು ಎಂದೇ ಕರೆಯುತ್ತಾರೆ. ಹುಡುಗನಾಗಿದ್ದಾಗಲೂ ಈ ಪಡಸಾಲೆಯಲ್ಲಿ ಕೂತವರಲ್ಲ, ಈಗಲೂ ಕೂರುವವರಲ್ಲ. ಮೊಣಕಾಲು ನೋಯುವುದರಿಂದ ಜಮಖಾನವೂ ಆಗದು. ನೆರಳುವೇಳೆಯ ಉದ್ದಕ್ಕೂ ಕೈಯಲ್ಲಿ ಚಹಾದ ಗ್ಲಾಸು ಹಿಡಿದು ಕಂಬಕ್ಕೆ ಒರಗಿ ನಿಂತಿರುತ್ತಾರೆ. ಹೊಸಬರು ಅದನ್ನು ಶಿಸ್ತು ಎಂದುಕೊಂಡು ಹೆದರುತ್ತಾರೆ.

ಈಗ ನಮ್ಮ ಸಂಕಟಕ್ಕೆ ಬರುತ್ತೇನೆ. ನಿಮ್ಮಿಂದಲೇ ಶುರುವಾದ ಒಂದು ಪದ್ಧತಿ ಇಲ್ಲಿದೆ. ಪ್ರತಿ ಕೋಣೆಯವರೂ ಮೊದಲ ವರ್ಷ ಮುಗಿಯುವುದರೊಳಗೆ ಎಲ್ಲರೂ ಬಳಸುವಂಥ ಒಂದು ವಸ್ತುವನ್ನು ತಾವೇ ಯೋಚಿಸಿ, ತಾವೇ ಗೀಚಿ, ತಾವೇ ಮಾಡಿ ಪಡಸಾಲೆಗೆ ಕೊಡಬೇಕು. ಅದಕ್ಕೆ ಕೈಕಾಣಿಕೆ ಎನ್ನುತ್ತಾರೆ. ಕೊಟ್ಟ ಮೇಲೆ ಸುಮ್ಮನಿಡುವ ವಾರ. ಆ ವಾರವಿಡೀ ವಸ್ತು ಅಲ್ಲಿ ಸುಮ್ಮನೆ ಇರಬೇಕು. ಇದು ಏನು, ಏತಕ್ಕೆ ಎಂದು ಹೇಳುವಂತಿಲ್ಲ, ಚೀಟಿ ಅಂಟಿಸುವಂತಿಲ್ಲ, ಯಾರನ್ನೂ ಕರೆಯುವಂತಿಲ್ಲ. ಆ ಕೋಣೆಯವರಲ್ಲದ ಯಾರಾದರೂ ತಾವಾಗಿ ಬಳಸಿದರೆ ಗೆದ್ದಂತೆ. ಇಲ್ಲವಾದರೆ ವಸ್ತುವನ್ನು ಬಿಚ್ಚಿ ಹಲಗೆ ವಾಪಸು ಪಡೆಯುತ್ತಾರೆ, ಮೂರು ಸಲ ಹಾಗಾದರೆ ಕೋಣೆಯನ್ನೂ ಒಡೆಯುತ್ತಾರೆ. ಗೋಡೆ ಕೆಡವುವುದಿಲ್ಲ, ಮಂದಿಯನ್ನು ಚದುರಿಸುತ್ತಾರೆ. ಕೂಡಿ ಒಂದು ಉಪಯೋಗದ ವಸ್ತು ಮಾಡಲಾಗದವರು ಬೇರೆಬೇರೆ ಕೋಣೆಗಳಿಗೆ ಹೋಗಿ ಕಲಿತುಬರಲಿ ಎಂಬುದು ತತ್ತ್ವ.

ನಮ್ಮ ಮೊದಲ ಕೈಕಾಣಿಕೆ, ಒದ್ದೆ ಬಟ್ಟೆಗಳನ್ನು ತಾನಾಗಿ ಆರಿಸುವ ಗೂಟ. ಬಟ್ಟೆ ಒಣಗಲಿಲ್ಲ, ಗೂಟ ಒಣಗಿ ಸೀಳಿತು. ಎರಡನೆಯದು, ಗೊರಕೆ ಹೊಡೆಯುವವರ ಕಡೆಗೆ ತಿರುಗುವ ಬೀಸಣಿಗೆ. ಅದು ಒಬ್ಬರನ್ನೇ ದಿನವಿಡೀ ನೋಡುತ್ತಿತ್ತು, ಆ ಒಬ್ಬರು ಸಂಜೀವಪ್ಪ ಸರ್ ಆಗಿದ್ದರು. ಅವರು ನಿಂತೇ ನಿದ್ದೆ ಮಾಡಬಲ್ಲರೆಂದು ನಮಗೆ ತಿಳಿದದ್ದು ಹಾಗೆ. ಮೂರನೆಯದೇ ಕೊನೆಯ ಅವಕಾಶ. ನನ್ನ ಕುಚೇಷ್ಟೆಗೆ ಬೇಸತ್ತು ಎರಡು ಕೋಣೆಯವರು ಮೊದಲೇ ನನ್ನನ್ನು ಹೊರಗೆ ಹಾಕಿದ್ದರು. ಇಟ್ಟುಕೊಂಡವರು ಇವರಿಬ್ಬರೇ. ಈ ವಾಕ್ಯವನ್ನು ಗಂಭೀರವಾಗಿ ಬರೆದಿದ್ದೇನೆ, ದಯವಿಟ್ಟು ಎರಡು ಸಲ ಓದಬೇಡಿ.

ಆಗ ಕೊಳವೆ ಸೋರಿತು. ಪಡಸಾಲೆಯ ಒಂದು ಮೂಲೆಯ ನೆಲ ಅಗೆಯುವ ಪಾಳಿ ನಮ್ಮ ಕೋಣೆಯದು. ಮೇಲಿನ ಹಾಸು ಎತ್ತಿದರೆ ಕೆಳಗೆ ಇನ್ನೊಂದು ನೆಲ! ನಿಮ್ಮ ಕಾಲದ ಶಹಾಬಾದಿ ಕಲ್ಲು. ಅದು ಒಂದು ಕಡೆಗೆ ಇಳಿಜಾರಾಗಿತ್ತು, ತಗ್ಗಿನ ತುದಿಯಲ್ಲಿ ಸಣ್ಣ ಗಟಾರ, ಗೋಡೆಯಲ್ಲಿ ನಲ್ಲಿ ಕಿತ್ತ ಗುರುತು. ನೀವು ಅಲ್ಲಿ ಕೈ ತೊಳೆಯುತ್ತಿದ್ದಿರಿ, ನೀರು ಹರಿದು ಹೋಗುತ್ತಿತ್ತು. ನಾನು ಮತ್ತು ರೋಷನಬಿ ಪುರಾತತ್ತ್ವ ಶಾಸ್ತ್ರಜ್ಞರ ಹಾಗೆ ತಲೆಯಾಡಿಸುತ್ತಿದ್ದಾಗ ಕಳಕವ್ವ ಬಾಯಿ ಬಿಟ್ಟಳು.

"ಮೂಲಬೆಂಚು ಇಲ್ಲಿಟ್ಟು ನೋಡೂಣೇನ?"

ಮೂವರೂ ಹೊತ್ತು ತಂದು ಇಟ್ಟೆವು. ಎತ್ತರದ ನೆಲದ ಮೇಲೆ ಕುಳ್ಳ ಕಾಲು, ತಗ್ಗಿನ ನೆಲದ ಮೇಲೆ ಉದ್ದ ಕಾಲು. ರೋಷನಬಿ ಅದರ ಮೇಲೆ ಒಂದು ಗ್ಲಾಸು ನೀರು ಇಟ್ಟಳು. ನೀರು ತುಸುವೂ ವಾಲಲಿಲ್ಲ. ಪಡಸಾಲೆಯಲ್ಲಿದ್ದವರೆಲ್ಲ ಎದ್ದು ಬಂದು ಆ ಗ್ಲಾಸನ್ನು ನೋಡುತ್ತ ನಿಂತರು.

"ಅಂದ್ರ," ಎಂದಳು ರೋಷನಬಿ, "ಬೆಂಚು ಸೊಟ್ಟ ಇರಲೇ ಇಲ್ಲ. ನೆಲ ಸೊಟ್ಟ ಇತ್ತು. ಯಾರೋ ಪುಣ್ಯಾತ್ಮರು ನೆಲ ಸಮ ಮಾಡಿ ಬೆಂಚು ಹಂಗ ಬಿಟ್ರು. ಅದನ್ನ ನೋಡಿ ಎಲ್ಲಾರೂ ಕಾಲು ಕಡಕೋಂತ ಹ್ವಾದ್ರು."

"ಇಷ್ಟ ವರ್ಷ ಸುಮ್ಮನ ಜಾರೇವಿ ಹಂಗಾರ!" ಎಂದು ಹಿಂದಿನಿಂದ ಯಾರೋ ಅಳುದನಿಯಲ್ಲಿ ಅಂದರು.

ಒಂದೂವರೆ ಶತಮಾನದ ಭಕ್ತಿ ಒಂದು ಗ್ಲಾಸು ನೀರಿನಲ್ಲಿ ಮುಳುಗಿದ್ದನ್ನು ಕಂಡು ನನಗೆ ಆದ ಆನಂದ ಅಷ್ಟಿಷ್ಟಲ್ಲ. ನಮ್ಮ ಕೈಕಾಣಿಕೆ ಏನೆಂದು ಅಲ್ಲೇ ತೀರ್ಮಾನವಾಯಿತು. ಸಮಬೆಂಚು. ನಾಲ್ಕೂ ಕಾಲು ಒಂದೇ ಎತ್ತರ, ಅಡಿಯಲ್ಲಿ ಯಾವ ಕೆತ್ತನೆಯೂ ಇಲ್ಲ. ಸಂಜೀವಪ್ಪ ಸರ್ ಕೇಳಿ ಬಹಳ ಹೊತ್ತು ಚಹಾ ಊದಿದರು. "ಮಾಡ್ರಿ. ಆದ್ರ ಯಾರರ ತಾವಾಗೇ ಬಳಸಬೇಕ ನೋಡವಾ. ನಾ ಹೇಳಿ ಬಳಸಿದ್ರ ನಡಿಯೂದಿಲ್ಲ, ನೀ ಹೇಳಿ ಬಳಸಿದ್ರೂ ನಡಿಯೂದಿಲ್ಲ. ನೀ ಹೇಳಾಕ ಹ್ವಾದ್ರ ನನಗ ಗೊತ್ತಾಗತೈತಿ."

ಬೆಂಚು ಚೆಂದವಾಯಿತು. ಕಳಕವ್ವ ಅದರ ಅಂಚನ್ನು ಕೆನ್ನೆಯ ಹಾಗೆ ನುಣುಪು ಮಾಡಿದಳು. ಸುಮ್ಮನಿಡುವ ವಾರ ಶುರುವಾಯಿತು, ಯಾರೂ ಅದರ ಮೇಲೆ ಕೂತು ಉಳಿಯಲಿಲ್ಲ. ಕೂರಲು ಬಂದವರು ರೂಢಿಯಂತೆ ಎಡಕ್ಕೆ ಒರಗಿ ಜಾರುವುದಕ್ಕೆ ಮೈ ಬಿಗಿಹಿಡಿದು ಕೂತರು. ಜಾರಲಿಲ್ಲ. ಹುಟ್ಟಿದಾಗಿನಿಂದ ದೋಣಿಯಲ್ಲಿದ್ದವರನ್ನು ನೆಲಕ್ಕೆ ಇಳಿಸಿದಂತೆ ಕಣ್ಣು ಪಿಳಿಪಿಳಿ ಮಾಡಿ, "ತಲಿ ತಿರಗಾಕ ಹತ್ತೇತಿ" ಎಂದು ಎದ್ದು ಹೋದರು. ಆಮೇಲೆ ಸುದ್ದಿ ಹಬ್ಬಿ ಯಾರೂ ಹತ್ತಿರವೂ ಸುಳಿಯಲಿಲ್ಲ. ಕೂತು ಎದ್ದವರು ಬಳಸಿದಂತಲ್ಲವೇ ಎಂದು ನಾನು ವಾದಿಸಿದೆ. ತಲೆ ತಿರುಗಿ ಎದ್ದರೆ ಅದು ಬಳಕೆಯಲ್ಲ, ಅಪಘಾತ ಎಂದರು ಸರ್.

ನಾನು ಬೆಂಚಿನ ಪಕ್ಕದಲ್ಲಿ ಬಿಸಿ ಗಿರ್ಮಿಟ್ಟಿನ ಬೋಗುಣಿ ಇಟ್ಟು ಮುಗ್ಧಳಂತೆ ದೂರ ನಿಂತೆ. ಗಿರ್ಮಿಟ್ಟು ಬೋಗುಣಿ ಸಮೇತ ಸೊಟ್ಟ ಬೆಂಚಿಗೆ ಹೋಯಿತು. ಅಲ್ಲಿ ಆರು ಜನ ಒಬ್ಬರ ಮೇಲೊಬ್ಬರು ಬಿದ್ದು, "ಏ ಗ್ವಾಡಿ, ಗಟ್ಟ್ಯಾಗಿ ಹಿಡಿಯವಾ!" ಎಂದು ಕೂಗುತ್ತ ತಿಂದರು. ಅವರನ್ನು ನೋಡುತ್ತ ನಿಂತಾಗ ನನಗೆ ಮೊದಲ ಬಾರಿ ಅನುಮಾನ ಬಂತು. ಸಮಬೆಂಚು ಇದ್ದಿದ್ದರೆ, ನಾನು ಗೋಡೆಯಾದ ದಿನ ರೋಷನಬಿ ಒಂದು ತುದಿಯಲ್ಲಿ ಓದುತ್ತಿದ್ದಳು. ಕಳಕವ್ವ ಇನ್ನೊಂದು ತುದಿಯಲ್ಲಿ ಸುಮ್ಮನಿರುತ್ತಿದ್ದಳು. ನಾನು ನಡುವೆ ಚೀಲ ಇಟ್ಟುಕೊಂಡು ಕೂರುತ್ತಿದ್ದೆ. ನೀವು ಬೇಕೆಂದು ಮಾಡದ ಸೊಟ್ಟತನವೇ ನಮ್ಮನ್ನು ಒಬ್ಬರ ಪಕ್ಕೆಗೆ ಒಬ್ಬರನ್ನು ಗುದ್ದಿಸಿತ್ತು. ಅದನ್ನು ತಿದ್ದಲು ಹೋಗಿ ನಾವು ಬೇರೆಯಾಗುವವರಿದ್ದೆವು.

ವಾರದ ಕೊನೆಯ ದಿನ ಬಂತು. ನೆರಳುವೇಳೆ ಮುಗಿಯುವ ಗಂಟೆಗೆ ಸ್ವಲ್ಪ ಮುಂಚೆ ಸಂಜೀವಪ್ಪ ಸರ್ ಕೈಯಲ್ಲಿ ಚಹಾ ಹಿಡಿದು ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ಅವರ ಮುಖದಲ್ಲಿ ಖುಷಿಯೇನೂ ಇರಲಿಲ್ಲ. ಕೋಣೆ ಒಡೆಯುವಾಗ ಅದರ ಬೀಗದ ಕೈಯನ್ನು ಕೋಣೆಯವರು ಎರಡೂ ಕೈಯಿಂದ ಕೊಡಬೇಕು, ಒಪ್ಪುಗಾರರು ಎರಡೂ ಕೈಯಿಂದ ತೆಗೆದುಕೊಳ್ಳಬೇಕು. ರೋಷನಬಿ ಕೀಲಿ ಹಿಡಿದು ಮುಂದೆ ಬಂದಳು. ನನಗೆ ಒಂದು ಹಾಸ್ಯವೂ ಹೊಳೆಯಲಿಲ್ಲ.

"ಕೊಡವಾ," ಎಂದು ಸರ್ ಗ್ಲಾಸನ್ನು ಕೆಳಗಿಟ್ಟು ಎರಡೂ ಕೈ ಚಾಚಿದರು.

"ಸರ್!" ಕಳಕವ್ವ ಚೀರಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಸರ್, ನೀವು ಬಳಸಿದ್ರಿ!"

ಗ್ಲಾಸು ಸಮಬೆಂಚಿನ ಮೇಲಿತ್ತು. ಅದರೊಳಗೆ ಚಹಾ ಅಲುಗದೆ ನಿಂತಿತ್ತು. ಈ ಪಡಸಾಲೆಯಲ್ಲಿ ಗ್ಲಾಸು ಕೆಳಗಿಡುವ ಜಾಗವೇ ಇರಲಿಲ್ಲ, ಸ್ವಾಮಿ. ಸೊಟ್ಟ ಬೆಂಚಿನ ಮೇಲೆ ಇಟ್ಟರೆ ಜಾರಿ ಗೋಡೆಯ ಮಡಿಲಿಗೆ ಬೀಳುತ್ತಿತ್ತು, ನೆಲದ ಮೇಲೆ ಇಟ್ಟರೆ ಯಾರದಾದರೂ ಕಾಲಿಗೆ ತಗುಲಿ ಚೆಲ್ಲುತ್ತಿತ್ತು. ಇಷ್ಟು ವರ್ಷ ಎಲ್ಲರೂ ಚಹಾವನ್ನು ಕೈಯಲ್ಲೇ ಹಿಡಿದು ಕುಡಿದಿದ್ದರು. ಸರ್ ಅವರ ಕೈ ಮಾತ್ರ ಯಾರನ್ನೂ ಕೇಳದೆ ಸಮ ಜಾಗ ಹುಡುಕಿಕೊಂಡಿತ್ತು.

"ಇದು ಕುಂದ್ರಾಕ ಮಾಡಿದ್ದಲ್ಲೇನ?" ಎಂದರು ಸರ್.

"ಬಳಸಬೇಕು ಅಂತೈತ್ರಿ ನಿಯಮ. ಹೆಂಗ ಬಳಸಬೇಕು ಅಂತಿಲ್ಲರಿ," ಎಂದೆ ನಾನು. ನನ್ನ ನಾಲಿಗೆ ವಾಪಸು ಬಂದಿತ್ತು.

ಸರ್ ಕೀಲಿಯನ್ನು ರೋಷನಬಿಯ ಕೈಯಲ್ಲೇ ಬಿಟ್ಟು, ನೋಯುವ ಮೊಣಕಾಲು ಹಿಡಿದು ಬಗ್ಗಿ ಹಲಗೆಯ ಅಡಿಗೆ ಇಣುಕಿದರು. ಅಡಿಯಲ್ಲಿ ಏನೂ ಇರಲಿಲ್ಲ. ಕೈಯಿಂದ ಸವರಿಯೂ ನೋಡಿದರು. ಆಮೇಲೆ ಮೆಲ್ಲಗೆ ತಿರುಗಿ, ಗ್ಲಾಸಿನ ಪಕ್ಕದಲ್ಲಿ ಕೂತರು. ಅವರು ಚಹಾ ಎತ್ತಿ ಒಂದು ಗುಟುಕು ಕುಡಿದು, ಮತ್ತೆ ಬೆಂಚಿನ ಮೇಲಿಟ್ಟು, ಮತ್ತೆ ಎತ್ತಿದರು. ಇಡುವುದರಲ್ಲೇ ಒಂದು ಸುಖ ಕಂಡವರ ಹಾಗೆ ಹಲವು ಸಲ ಇಟ್ಟು ಎತ್ತಿದರು. ನಾವು ಮೂವರೂ ಹೋಗಿ ಇನ್ನೊಂದು ತುದಿಯಲ್ಲಿ ಕೂತೆವು. ನಮಗೂ ಅವರಿಗೂ ನಡುವೆ ಇಬ್ಬರು ಕೂರುವಷ್ಟು ಖಾಲಿ ಜಾಗ.

"ಇದರ ಮ್ಯಾಲ ಯಾರೂ ಜಾರೂದಿಲ್ಲಲ್ಲಾ," ಎಂದರು ಸರ್, ನಮ್ಮ ಕಡೆ ನೋಡದೆ. "ನೀವ ಸರದು ಬರ್ರಿ."

ಸರಿದೆವು.

ಈಗ ಸಮಬೆಂಚಿನ ಒಂದು ತುದಿಯಲ್ಲಿ ಗ್ಲಾಸುಗಳ ಸಾಲು, ಇನ್ನೊಂದು ತುದಿಯಲ್ಲಿ ಸಂಜೀವಪ್ಪ ಸರ್ ಮತ್ತು ಜಮಖಾನದಿಂದ ಎದ್ದು ಬಂದ ಉಳಿದ ಸಂಜುಗಳ ಸಂತತಿ. ಸೊಟ್ಟ ಬೆಂಚುಗಳು ಹಾಗೆಯೇ ಇವೆ, ಹೊಸಬರು ಈಗಲೂ ಗೋಡೆಯಾಗುತ್ತಾರೆ. ಕಳಕವ್ವ ಈ ಕಾಗದ ಬರೆಯುವಾಗ ನನ್ನ ಭುಜದ ಮೇಲಿಂದ ಓದುತ್ತ ಎಡೆಬಿಡದೆ ಮಾತಾಡುತ್ತಿದ್ದಾಳೆ. ಅವಳು ಸುಮ್ಮನಿದ್ದ ದಿನಗಳು ನೆನಪಾಗಿ ನನ್ನ ಕಣ್ಣು ತುಂಬಿ ಬರುತ್ತದೆ.

ಆದ್ದರಿಂದ ಪೂಜ್ಯರೇ, ನನ್ನ ವಿನಂತಿ ಇಷ್ಟು. ನಾಳೆಯೋ ನಾಡಿದ್ದೋ ನೀವು ಗರಗಸ ಹಿಡಿಯುತ್ತೀರಿ. ನಿಮ್ಮಲ್ಲಿ ಒಬ್ಬರು, ಕಾಲು ಯಾಕೆ ಕಡಿಯಬೇಕು, ತಗ್ಗಿನ ತುದಿಯ ಕೆಳಗೆ ಎರಡು ಇಟ್ಟಿಗೆ ಕೊಟ್ಟರಾಯಿತಲ್ಲ ಎಂದು ಜಾಣತನ ತೋರಿಸುತ್ತಾರೆ. ಅವರ ಮಾತು ಕೇಳಬೇಡಿ. ಇಟ್ಟಿಗೆ ಕೊಟ್ಟರೆ ಮುಂದೆ ಬೆಂಚು ಸೊಟ್ಟಗಾಗುವುದಿಲ್ಲ, ಸೊಟ್ಟಗಾಗದಿದ್ದರೆ ರೋಷನಬಿ ನನ್ನ ಪಕ್ಕೆಗೆ ಗುದ್ದುವುದಿಲ್ಲ. ಮೂರು ಬೆರಳು ಅಳೆದು ಕಡಿಯಿರಿ. ಅಡಿಯಲ್ಲಿ ಆ ಎರಡು ಮಾತನ್ನೂ ಕೆತ್ತಿರಿ. ಕಾರಣ ಏನೇ ಇರಲಿ, ನಾನು ಕೇಳುವುದಿಲ್ಲ. ಸುಳ್ಳು, ಕೇಳಲು ಸಾಯುತ್ತಿದ್ದೇನೆ, ಆದರೆ ಹಿಂದಂಚೆಗೆ ಉತ್ತರ ಬರುವುದಿಲ್ಲ.

ಕೆತ್ತಿ, ಬೆಂಚನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿ, ಎಲ್ಲರೂ ಕೂತ ಮೇಲೆ, ಒಮ್ಮೆ ಆಚೀಚೆ ನೋಡಿ. ಸಂಜು ಅಲ್ಲೇ ಎಲ್ಲೋ ಕಂಬಕ್ಕೆ ಒರಗಿ ನಿಂತಿರಬೇಕು. ನಿಮ್ಮ ಬೆಂಚು ನಿಮ್ಮ ನೆಲದ ಮೇಲೆ ಸಮವಾಗಿದೆ, ಅದರ ಮೇಲೆ ಯಾರೂ ತಾವಾಗಿ ಜಾರುವುದಿಲ್ಲ. ನೀವೇ ಸ್ವಲ್ಪ ಸರಿಯಿರಿ.

ಹನ್ನೊಂದನೆಯ ಕೋಣೆಯಿಂದ, ಇನ್ನೂ ಒಡೆಯದ ಕೋಣೆಯಿಂದ,
ನೀಲವ್ವ